ನೀರುದೋಸೆ, ಗಸಿ, ಗಂಜಿಯ ಲೆಕ್ಕ: ಆಹಾರದ ಆ್ಯಪ್ ಆರಿಸುವುದು, ಬಳಸುವುದು

ಆ್ಯಪ್‌ನಲ್ಲಿ ‘ದೋಸೆ’ ಎಂದು ಹುಡುಕಿದರೆ ಹೆಚ್ಚಾಗಿ ಸಿಗುವುದು ಉದ್ದು ಹಾಕಿ ಹುದುಗಿಸಿದ ದೋಸೆ. ನೀರುದೋಸೆಗೆ ಉದ್ದೂ ಇಲ್ಲ, ಹುದುಗೂ ಬೇಡ. ‘ಫಿಶ್ ಕರಿ’ ಎಂದು ಹಾಕಿದರೆ ಅದರಲ್ಲಿ ತೆಂಗಿನಕಾಯಿ ಎಷ್ಟು ಬಿದ್ದಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ಮಂಗಳೂರು, ಉಡುಪಿ ಕಡೆಯ ಮನೆಗಳಿಗೆ ಆ್ಯಪ್ ಆರಿಸುವಾಗ ಮೊದಲು ನೋಡಬೇಕಾದ್ದು ಒಂದೇ: ನಮ್ಮ ಅಡುಗೆಯನ್ನು ನಾವೇ ಗ್ರಾಂ ಲೆಕ್ಕದಲ್ಲಿ ಬರೆದಿಡಲು ಅದು ಬಿಡುತ್ತದೆಯೇ?

ಹಣ ಕಟ್ಟುವ ಮೊದಲೇ ಇದನ್ನು ಪರೀಕ್ಷಿಸಿ. ಸ್ವಂತ ರೆಸಿಪಿ ಸೇರಿಸುವುದು ಉಚಿತವೇ, ಗ್ರಾಂನಲ್ಲಿ ತುಂಬಲು ಆಗುತ್ತದೆಯೇ, ನಿಮ್ಮ ದಾಖಲೆಯನ್ನು ಹೊರಗೆ ಇಳಿಸಿಕೊಳ್ಳಬಹುದೇ ಎಂದು ನೋಡಿ. ಬೆಂಗಳೂರಿನಲ್ಲಿ ಹುಟ್ಟಿದ ಹೆಲ್ತಿಫೈಮಿಯಲ್ಲಿ ಭಾರತದ ತಿಂಡಿಗಳ ಹೆಸರು ಹೆಚ್ಚು. ಮೈಫಿಟ್‌ನೆಸ್‌ಪಾಲ್‌ನ ಪಟ್ಟಿ ಬಹಳ ದೊಡ್ಡದು, ಆದರೆ ಬಳಕೆದಾರರೇ ತುಂಬಿದ್ದು ಅದರಲ್ಲಿ ಬಹಳ ಇದೆ. ಒಂದೇ ತಿಂಡಿಗೆ ನಾಲ್ಕು ಬಗೆಯ ಲೆಕ್ಕ ಕಾಣುತ್ತದೆ. ಕ್ರೋನೋಮೀಟರ್ ಅಕ್ಕಿ, ಕಾಯಿ, ಮೀನಿನಂಥ ಬಿಡಿ ಸಾಮಾನಿಗೆ ಒಳ್ಳೆಯದು, ಕಬ್ಬಿಣ, ಕ್ಯಾಲ್ಸಿಯಂ ಕೂಡ ತೋರಿಸುತ್ತದೆ. ಯಾವುದನ್ನೇ ಆರಿಸಿ, ಸಂಶಯ ಬಂದ ಅಂಕಿಯನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಲ್ಲಿ ಹೋಲಿಸಿ ನೋಡಿ. ಅದರಲ್ಲಿ 528 ಭಾರತೀಯ ಆಹಾರಗಳ ವಿವರ ಇದೆ.

ತಟ್ಟೆಯ ಫೋಟೋ ತೆಗೆದು ಕ್ಯಾಲೊರಿ ಹೇಳಿಸುವ ಸೌಲಭ್ಯವನ್ನು ನಮ್ಮ ಊಟಕ್ಕೆ ನಂಬಬೇಡಿ. ಗಸಿಯೊಳಗೆ ಅರೆದ ಕಾಯಿ, ಒಗ್ಗರಣೆಯ ಎಣ್ಣೆ ಕ್ಯಾಮೆರಾಕ್ಕೆ ಕಾಣುವುದಿಲ್ಲ, ಕ್ಯಾಲೊರಿ ಇರುವುದು ಅಲ್ಲೇ.

ಒಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿ ಬೇಕು. 5 ಕೆಜಿ ತೂಗುವಂಥದ್ದು ಸಾಕು. ನೀರುದೋಸೆಯಿಂದ ಶುರು ಮಾಡಿ. ನೆನೆಹಾಕುವ ಮೊದಲು ಬೆಳ್ತಿಗೆ ಅಕ್ಕಿ 250 ಗ್ರಾಂ, ತೆಂಗಿನತುರಿ 50 ಗ್ರಾಂ, ಕಾವಲಿಗೆ ಸವರುವ ಎಣ್ಣೆ ಒಟ್ಟು 10 ಗ್ರಾಂ. ಅಕ್ಕಿಗೆ ಸುಮಾರು 890, ತುರಿಗೆ 175, ಎಣ್ಣೆಗೆ 90, ಕೂಡಿದರೆ 1,155 ಕ್ಯಾಲೊರಿ. 16 ದೋಸೆ ಬಂದರೆ ಒಂದಕ್ಕೆ 72. ಈಗ ಚಟ್ನಿ ನೋಡಿ: ನಾಲ್ಕು ಜನಕ್ಕೆ 100 ಗ್ರಾಂ ತುರಿ ಅರೆದರೆ ಒಬ್ಬರ ಪಾಲಿಗೆ ಸುಮಾರು 90. ಅಂದರೆ ಚಟ್ನಿಯ ಪಾಲು ಒಂದು ದೋಸೆಗಿಂತ ಹೆಚ್ಚು. ‘ಚಟ್ನಿ ಸ್ವಲ್ಪ’ ಎಂದು ಬರೆಯದೆ ಬಿಟ್ಟವರ ಲೆಕ್ಕ ತಪ್ಪುವುದು ಇಲ್ಲಿಯೇ.

ಗಸಿ, ಸಾಂಬಾರು, ಪುಳಿಮುಂಚಿಯನ್ನು ಬಟ್ಟಲಿನ ಲೆಕ್ಕದಲ್ಲಿ ತುಂಬಬೇಡಿ, ಒಬ್ಬೊಬ್ಬರ ಬಟ್ಟಲು ಒಂದೊಂದು ಅಳತೆ. ಖಾಲಿ ಪಾತ್ರೆಯನ್ನು ಒಮ್ಮೆ ತೂಗಿ, ಆ ತೂಕವನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಪಾತ್ರೆ 640 ಗ್ರಾಂ, ಅಡುಗೆಯಾದ ಮೇಲೆ 2,140 ಇದ್ದರೆ ಪದಾರ್ಥ 1,500 ಗ್ರಾಂ. ಹಾಕಿದ ಹಸಿ ಸಾಮಾನನ್ನೆಲ್ಲ ರೆಸಿಪಿಯಲ್ಲಿ ತುಂಬಿ, ‘ಸರ್ವಿಂಗ್’ ಜಾಗದಲ್ಲಿ 1500 ಎಂದು ಕೊಡಿ. ಆಗ ಒಂದು ಸರ್ವಿಂಗ್ ಎಂದರೆ ಒಂದು ಗ್ರಾಂ. 180 ಗ್ರಾಂ ಬಡಿಸಿಕೊಂಡರೆ 180 ಎಂದು ಹಾಕಿದರಾಯಿತು. ಬಿಸಿ ಪಾತ್ರೆಯನ್ನು ನೇರ ತಕ್ಕಡಿ ಮೇಲೆ ಇಡಬೇಡಿ, ಮರದ ಮಣೆ ಇಟ್ಟು ಸೊನ್ನೆ ಮಾಡಿಕೊಂಡು ತೂಗಿ.

ಕುಚ್ಚಲಕ್ಕಿ ಗಂಜಿಯಲ್ಲಿ ಜನ ಎಡವುವುದು ಬೇಯಿಸಿದ್ದನ್ನು ಹಸಿಯೆಂದು ತುಂಬಿ. 300 ಗ್ರಾಂ ಅನ್ನ ಸುಮಾರು 390 ಕ್ಯಾಲೊರಿ. ಅದನ್ನೇ ‘ಹಸಿ ಅಕ್ಕಿ’ ಎಂದು ಹಾಕಿದರೆ 1,050 ದಾಟುತ್ತದೆ. ಗಂಜಿಯಲ್ಲಿ ನೀರು ದಿನಕ್ಕೊಂದು ಬಗೆ, ಬಟ್ಟಲಿನ ತೂಕದಿಂದ ಏನೂ ಗೊತ್ತಾಗದು. ಒಲೆಗೆ ಹಾಕುವಾಗಿನ ಅಕ್ಕಿ ತೂಗಿ, ನಿಮ್ಮ ಪಾಲು ಕಾಲೋ ಮೂರನೇ ಒಂದೋ ಎಂದು ಭಾಗಿಸಿ.

ಬಂಗುಡೆ, ಬೂತಾಯಿ ಮೀನನ್ನು ಶುಚಿ ಮಾಡಿದ ಮೇಲೆ ಹಸಿಯಾಗಿ ತೂಗಿ, ಉಂಡ ಮೇಲೆ ಮುಳ್ಳು ತೂಗಿ ಕಳೆಯಿರಿ. ಬೂತಾಯಿಯ ಕೊಬ್ಬು ಋತುವಿಗೆ ತಕ್ಕಂತೆ ಬಹಳ ಏರುಪೇರಾಗುತ್ತದೆ, ಆ್ಯಪ್‌ನ ಅಂಕಿ ಸರಾಸರಿ ಮಾತ್ರ. ಕಾಯಿಸಿದ ಮೀನಿಗೆ ಎಣ್ಣೆಯ ಬಾಟಲಿಯನ್ನು ಮೊದಲೂ ಆಮೇಲೂ ತೂಗಿ, ಕಾವಲಿಯಲ್ಲಿ ಉಳಿದದ್ದನ್ನು ಕಳೆದು ಬರೆಯಿರಿ. ಹೋಟೆಲಿನ ಗೋಳಿಬಜೆ, ಬನ್ಸ್‌ಗೆ ತೂಕ ಸಿಗದು. ಪಟ್ಟಿಯಲ್ಲಿ ಹೆಚ್ಚು ತೋರಿಸುವ ಲೆಕ್ಕವನ್ನೇ ಆರಿಸಿ, ಪ್ರತಿ ಸಲ ಅದನ್ನೇ ಹಾಕಿ.

ಆಂಡ್ರಾಯ್ಡ್ ಫೋನಿನಲ್ಲಿ ಹೆಜ್ಜೆ ಎಣಿಕೆ ನಿಂತುಹೋದರೆ ಎರಡು ಕಡೆ ನೋಡಿ: ‘ಫಿಸಿಕಲ್ ಆಕ್ಟಿವಿಟಿ’ ಅನುಮತಿ ಕೊಟ್ಟಿದ್ದೀರಾ, ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ನಿಲ್ಲಿಸುತ್ತಿದೆಯೇ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಗುಂಡಿ ರಸ್ತೆಯಲ್ಲಿ ಸ್ಕೂಟರ್ ಓಡಿಸಿದಾಗ ಒಮ್ಮೊಮ್ಮೆ ಅದನ್ನೂ ಹೆಜ್ಜೆಯೆಂದು ಎಣಿಸುತ್ತದೆ. ಫೋನ್ ಮತ್ತು ವಾಚ್ ಎರಡೂ ಎಣಿಸಿ ಒಂದೇ ನಡಿಗೆ ಎರಡಾಗದಂತೆ, ಬೇರೆ ಬೇರೆ ಆ್ಯಪ್‌ಗಳ ಆರೋಗ್ಯದ ಲೆಕ್ಕವನ್ನು ಒಂದೆಡೆ ಸೇರಿಸುವ ಹೆಲ್ತ್ ಕನೆಕ್ಟ್‌ನಲ್ಲಿ ಒಂದನ್ನು ಮೊದಲ ಸ್ಥಾನಕ್ಕೆ ತನ್ನಿ. ಮಲ್ಪೆ, ಪಣಂಬೂರಿನ ಒಣ ಮರಳಿನಲ್ಲಿ ನಡೆದರೆ ಅದೇ ಹೆಜ್ಜೆಗೆ ದೇಹ ಹೆಚ್ಚು ದುಡಿಯುತ್ತದೆ, ಹೆಜ್ಜೆಯ ಸಂಖ್ಯೆಯಲ್ಲಿ ಅದು ಕಾಣದು.

ವಾಚ್ ತೋರಿಸುವ ‘ಸುಟ್ಟ ಕ್ಯಾಲೊರಿ’ಯನ್ನು ಊಟಕ್ಕೆ ಮರಳಿ ಕೂಡಿಸಬೇಡಿ. 2017ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಏಳು ಕೈಪಟ್ಟಿಗಳನ್ನು ಪರೀಕ್ಷಿಸಿದಾಗ ಅತ್ಯುತ್ತಮವಾದದ್ದೂ ಈ ಲೆಕ್ಕದಲ್ಲಿ ಸರಾಸರಿ ಶೇ 27 ತಪ್ಪಿತ್ತು. ಅದನ್ನು ಕೂಡಿಸುವ ಆಯ್ಕೆಯನ್ನು ಆ್ಯಪ್‌ನಲ್ಲಿ ಆಫ್ ಮಾಡಿಬಿಡಿ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಹಾಲುಣಿಸುವವರು ಗುರಿ ಇಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಊಟದ ಲೆಕ್ಕವೇ ಮನಸ್ಸಿಗೆ ಹಿಂಸೆಯಾಗುವವರು ಇದಕ್ಕೆ ಕೈಹಾಕದಿರುವುದು ಲೇಸು.

ತೂಕವನ್ನು ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ನೋಡಿ. ಒಣಮೀನು, ಉಪ್ಪಿನಕಾಯಿ ತಿಂದ ಮರುದಿನ ಉಪ್ಪು ಹಿಡಿದಿಟ್ಟ ನೀರಿನಿಂದಲೇ ತೂಕ ಏರಿರುತ್ತದೆ, ಹೆದರಬೇಡಿ. ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಇಳಿಸುವ ಉದ್ದೇಶವಿದ್ದು ಮೂರು ವಾರವಾದರೂ ಕದಲದಿದ್ದರೆ ದಿನದ ಗುರಿಯಿಂದ 200 ಕ್ಯಾಲೊರಿ ಇಳಿಸಿ. ಎರಡು ಟೀ ಚಮಚ ಎಣ್ಣೆ, 30 ಗ್ರಾಂ ತೆಂಗಿನತುರಿ ಕಡಿಮೆ ಮಾಡಿದರೆ ಸುಮಾರು 185 ಆಗಿಹೋಯಿತು, ಗಂಜಿಗೂ ಮೀನಿಗೂ ಕೈಹಚ್ಚಬೇಕಾಗಿಲ್ಲ.