ಬೆಂಕಿ ಆರಿಸುವುದಕ್ಕೂ ಓಟೇ? – ನನ್ನ ಅನುಭವ

ಮಾವನವರಿಗೆ ಎದೆ ಹಿಡಿದಂತಾಯಿತೆಂದು 911ಕ್ಕೆ ಕರೆ ಮಾಡಿದ ರಾತ್ರಿ ನಮ್ಮ ಮನೆಯ ಮುಂದೆ ಮೊದಲು ಬಂದು ನಿಂತದ್ದು ಆಂಬ್ಯುಲೆನ್ಸ್ ಅಲ್ಲ, ನೀರಿನ ಕೊಳವೆ ಸುತ್ತಿಕೊಂಡ ಅಗ್ನಿಶಾಮಕ ವಾಹನ. ಅತ್ತೆಯವರು ಬಾಗಿಲಲ್ಲೇ ನನ್ನನ್ನು ಗದರಿದರು: "ಫೋನಿನಲ್ಲಿ ಏನು ಹೇಳಿದೆ? ಬೆಂಕಿ ಬಿದ್ದಿದೆ ಎಂದೆಯಾ?" ಅದರಿಂದ ಇಳಿದವರಲ್ಲಿ ಒಬ್ಬರು ಪ್ಯಾರಾಮೆಡಿಕ್. ಹಿಂದೆಯೇ ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಇಸಿಜಿ ಪಟ್ಟಿ ಅವರ ಕೈಯಲ್ಲಿತ್ತು. ಕೊನೆಗೆ ತಪ್ಪಿತಸ್ಥ ಹೃದಯವಲ್ಲ, ಸಂಜೆಯ ಮೆಣಸಿನಕಾಯಿ ಬಜ್ಜಿ ಎಂದು ತೀರ್ಮಾನವಾಯಿತು. ನನ್ನ ತಲೆಯಲ್ಲಿ ಮಾತ್ರ ಒಂದು ಪ್ರಶ್ನೆ ಉಳಿಯಿತು. ಈ ಜನ ಯಾರು, ಇವರಿಗೆ ಸಂಬಳ ಕೊಡುವವರು ಯಾರು?

ಮರುವರ್ಷ, 2017ರಲ್ಲಿ, ಅದೇ ಪ್ರಶ್ನೆ ಮತಪತ್ರವಾಗಿ ಅಂಚೆಯಲ್ಲಿ ಬಂತು.

ನಾವಿರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನ ಉತ್ತರಕ್ಕಿರುವ ಸ್ನೊಹೊಮಿಶ್ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ. ನಮ್ಮ ಅಂಚೆ ವಿಳಾಸ ಲಿನ್‌ವುಡ್. ಆದರೆ ಲಿನ್‌ವುಡ್ ನಗರದ ಗಡಿ ನಮ್ಮ ಬೀದಿಗಿಂತ ಮೊದಲೇ ಮುಗಿಯುತ್ತದೆ. ಗಡಿಯ ಒಳಗಿನವರಿಗೆ ನಗರಸಭೆಯದೇ ಅಗ್ನಿಶಾಮಕ ಇಲಾಖೆ. ಅದರ ಖರ್ಚು ರಸ್ತೆ, ಪಾರ್ಕು, ಪೊಲೀಸರ ಜೊತೆಗೆ ನಗರದ ಬಜೆಟ್ಟಿನಲ್ಲಿ ಕರಗಿಹೋಗುತ್ತಿತ್ತು. ಹೊರಗಿನ ನಮಗೆ 'ಫೈರ್ ಡಿಸ್ಟ್ರಿಕ್ಟ್ 1' ಎಂಬ ಪ್ರತ್ಯೇಕ ಸಂಸ್ಥೆ. ಅದಕ್ಕೆ ತನ್ನದೇ ತೆರಿಗೆ, ಜನರೇ ಆರಿಸಿದ ಮಂಡಳಿ. ಎರಡನ್ನೂ ಸೇರಿಸಿ ಬೆಂಕಿ ಮತ್ತು ಆಂಬ್ಯುಲೆನ್ಸ್ ಎರಡನ್ನೂ ನೋಡಿಕೊಳ್ಳುವ ಒಂದು ಸ್ವತಂತ್ರ ಪ್ರಾದೇಶಿಕ ಪ್ರಾಧಿಕಾರ ಮಾಡೋಣವೇ ಎಂಬುದು ಪ್ರಶ್ನೆ. ಮತದಾನ ಆಗಸ್ಟ್ 1ಕ್ಕೆ.

ಪೌರತ್ವ ಸಿಕ್ಕ ಹೊಸತು, ಉತ್ಸಾಹ ಸ್ವಲ್ಪ ಹೆಚ್ಚೇ ಇತ್ತು. ಪರಿಚಯದ ಕನ್ನಡದ ಮನೆಗಳಿಗೆ ಹೋಗಿ ಇದನ್ನು ವಿವರಿಸುವ ಕೆಲಸ ನನ್ನದು ಎಂದು ನಾನೇ ಘೋಷಿಸಿಕೊಂಡೆ. ಮೊದಲು ಹೋದದ್ದು ಠಾಣೆಗೆ. ಕರಪತ್ರ ಬರೆಯಲು ನೆರವಾಗಿ ಎಂದೆ. ಅಲ್ಲಿದ್ದ ಅಧಿಕಾರಿ ನಗುನಗುತ್ತಲೇ ಕೈಚೆಲ್ಲಿದರು. ಸರ್ಕಾರಿ ಸಮಯ, ಕಟ್ಟಡ, ಫೋಟೊಕಾಪಿ ಯಂತ್ರ ಯಾವುದನ್ನೂ ಪ್ರಸ್ತಾವದ ಪರವಾಗಲಿ ವಿರುದ್ಧವಾಗಲಿ ಪ್ರಚಾರಕ್ಕೆ ಬಳಸುವಂತಿಲ್ಲ. ಇಲ್ಲಿನ ಕಾನೂನು ಅಷ್ಟು ಕಟ್ಟುನಿಟ್ಟು. ಅಂಕಿ ಅಂಶಗಳ ಹಾಳೆಯೊಂದು ಸಿಕ್ಕಿತು. 'ಹೌದು ಎಂದು ಮತ ಹಾಕಿ' ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅವರಲ್ಲೇ ಕೆಲವರು ಕರ್ತವ್ಯ ಮುಗಿಸಿ, ಸಮವಸ್ತ್ರ ಕಳಚಿ, ಶನಿವಾರ ರಸ್ತೆ ಬದಿಯಲ್ಲಿ ಫಲಕ ಹಿಡಿದು ನಿಂತದ್ದನ್ನು ಆಮೇಲೆ ಕಂಡೆ.

ನಾನು ಹೋದ ಮೊದಲ ಮನೆ ತುಮಕೂರು ಕಡೆಯ ಅಜ್ಜಿಯೊಬ್ಬರದು. ಎಪ್ಪತ್ತು ದಾಟಿದೆ, ಮಗನ ಜೊತೆ ಇದ್ದಾರೆ, ನನಗಿಂತ ಮೊದಲೇ ಪೌರತ್ವ ಪಡೆದವರು. ಎಲ್ಲ ಕೇಳಿಸಿಕೊಂಡು, "ಬೆಂಕಿ ಆರಿಸುವುದಕ್ಕೂ ಓಟೇ?" ಎಂದರು. ಅವರದು ಸಹಜ ಪ್ರಶ್ನೆ. ನಮ್ಮೂರಿನಲ್ಲಿ ಅಗ್ನಿಶಾಮಕ ರಾಜ್ಯ ಸರ್ಕಾರದ ಇಲಾಖೆ, 101 ಒತ್ತಿದರೆ ಬರುತ್ತದೆ. ಆಂಬ್ಯುಲೆನ್ಸ್ ಎಂದರೆ 2008ರಲ್ಲಿ ಶುರುವಾದ 108. ಅದು ಇರಬೇಕೇ ಬೇಡವೇ, ಅದಕ್ಕೆ ಎಷ್ಟು ಕೊಡುತ್ತೀರಿ ಎಂದು ನಮ್ಮನ್ನು ಯಾರೂ ಕೇಳಿದವರಿಲ್ಲ. ಇಲ್ಲಿ ಕೇಳುತ್ತಾರೆ. ಕೇಳುವುದು ಮಾತ್ರ ತೆರಿಗೆಯ ಭಾಷೆಯಲ್ಲಿ.

ಹಾಗಾಗಿ ನನ್ನ ಕೆಲಸವೆಲ್ಲ ನಡೆದದ್ದು ಅಡುಗೆಮನೆಯ ಮೇಜಿನ ಮೇಲೆ, ಕೌಂಟಿ ಕಳಿಸುವ ಆಸ್ತಿ ತೆರಿಗೆಯ ಹಾಳೆಯನ್ನು ಹರಡಿಕೊಂಡು. ಆ ಹಾಳೆಯನ್ನು ನೋಡಿದವರೇ ಕಡಿಮೆ. ಸಾಲದ ಕಂತಿನ ಜೊತೆಗೆ ಬ್ಯಾಂಕೇ ಕಟ್ಟಿಬಿಡುತ್ತದೆ. ಬೆರಳಿಟ್ಟು ಒಂದೊಂದೇ ಸಾಲು ತೋರಿಸುತ್ತಿದ್ದೆ: ಇದು ಶಾಲೆ, ಇದು ಗ್ರಂಥಾಲಯ, ಇದು ಬೆಂಕಿ. ಕಾನೂನಿನ ಮಿತಿ ಹೀಗಿದೆ: ಇಂಥ ಪ್ರಾಧಿಕಾರ ಆಸ್ತಿಯ ಪ್ರತಿ 1000 ಡಾಲರ್ ಮೌಲ್ಯಕ್ಕೆ ಗರಿಷ್ಠ 1.50 ಡಾಲರ್ ಅಗ್ನಿಶಾಮಕ ತೆರಿಗೆ ಹಾಕಬಹುದು. ತುರ್ತು ವೈದ್ಯಕೀಯ ಸೇವೆಗೆ ಬೇರೆಯಾಗಿ ಗರಿಷ್ಠ 50 ಸೆಂಟ್. ಕೌಂಟಿ 4,50,000 ಡಾಲರ್ ಎಂದು ಅಂದಾಜಿಸಿದ ಮನೆಗೆ ಪೂರ್ತಿ ದರದಲ್ಲಿ 675 ಮತ್ತು 225, ಒಟ್ಟು ವರ್ಷಕ್ಕೆ 900 ಡಾಲರ್. ನಗರದ ಹೊರಗಿನವರು ಬೆಂಕಿಯ ಸಾಲಿನಲ್ಲಿ ಆಗಲೇ ತೆರಿಗೆ ಕಟ್ಟುತ್ತಿದ್ದರಿಂದ ಅವರಿಗೆ ಅಷ್ಟೇನೂ ಗಾಬರಿಯಿಲ್ಲ. ನಗರದ ಒಳಗಿನವರಿಗೆ ಮಾತ್ರ ಹಾಳೆಯಲ್ಲಿ ಹೊಸ ಸಾಲೊಂದು ಹುಟ್ಟುತ್ತಿತ್ತು.

ನಾನು ಎಡವಿದ್ದು ಇಲ್ಲೇ. ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಬರೆದು, "ಅಗ್ನಿಶಾಮಕ ಇಲಾಖೆ ಹೊರಗೆ ಹೋಗುವುದರಿಂದ ನಗರದ ತೆರಿಗೆ ಅಷ್ಟರಮಟ್ಟಿಗೆ ಇಳಿಯುತ್ತದೆ" ಎಂದು ಧೈರ್ಯವಾಗಿ ಹೇಳಿದ್ದೆ. ನಗರದೊಳಗಿನ ಲೆಕ್ಕಪರಿಶೋಧಕರೊಬ್ಬರು, ಅವರೂ ಕನ್ನಡಿಗರೇ, ಪ್ರಸ್ತಾವಕ್ಕೆ ವಿರೋಧಿ, ಪೆನ್ನು ತೆಗೆದು 'ಇಳಿಯುತ್ತದೆ' ಎಂಬ ಪದಕ್ಕೆ ಸುತ್ತು ಹಾಕಿದರು. "ಯಾರು ಇಳಿಸುತ್ತಾರೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಕಾನೂನು ಓದಿದೆ. ಪ್ರಾಧಿಕಾರಕ್ಕೆ ಸೇರಿದ ನಗರದ ಗರಿಷ್ಠ ದರವನ್ನು ಕಾನೂನು ತಗ್ಗಿಸುತ್ತದೆ, ನಿಜ. ಆದರೆ ನಗರ ಆ ಗರಿಷ್ಠಕ್ಕಿಂತ ಬಹಳ ಕೆಳಗೇ ಇದ್ದರೆ ಅದು ಅವರ ಕೈಯನ್ನೇನೂ ಕಟ್ಟುವುದಿಲ್ಲ. ಇಳಿಸುವುದು ಬಿಡುವುದು ನಗರಸಭೆಯ ತೀರ್ಮಾನ. ಉಳಿದ ಪ್ರತಿಗಳನ್ನು ಹರಿದು ಹಾಕಿ, 'ಇಳಿಸುತ್ತೀರಾ ಎಂದು ನಗರಸಭಾ ಸದಸ್ಯರನ್ನೇ ಕೇಳಿ' ಎಂದು ತಿದ್ದಿ ಮತ್ತೆ ಮುದ್ರಿಸಿದೆ. ಮೊದಲ ಪ್ರತಿ ಕೊಟ್ಟಿದ್ದ ಮನೆಗಳಿಗೆ ಮತ್ತೆ ಹೋಗಿ ತಪ್ಪೊಪ್ಪಿಕೊಂಡದ್ದು ಸುಖದ ಕೆಲಸವಾಗಿರಲಿಲ್ಲ. ಒಂದು ಮನೆಯಲ್ಲಂತೂ "ನಿಮ್ಮದೂ ರಾಜಕಾರಣಿಗಳ ಮಾತೇ ಆಯಿತಲ್ಲ" ಎಂದರು. ಇಂಥ ಎಲ್ಲ ಮತದಾನಗಳಲ್ಲೂ ವಿರೋಧದ ಗಟ್ಟಿ ವಾದ 'ನಗರದ ತೆರಿಗೆ ಯಾರು ಇಳಿಸುತ್ತಾರೆ?' ಎಂಬುದೊಂದೇ ಎಂದು ನನಗೆ ಈಗಲೂ ಅನಿಸುತ್ತದೆ. ಆ ಲೆಕ್ಕಪರಿಶೋಧಕರು ಕೊನೆಯವರೆಗೂ 'ಬೇಡ' ಎಂದೇ ಇದ್ದರು. ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಇನ್ನೊಂದು ಗಾಳಿಸುದ್ದಿ ರೆಂಟನ್‌ನದು. ಸಿಯಾಟಲ್‌ನ ದಕ್ಷಿಣಕ್ಕೆ, ಬೋಯಿಂಗ್ 737 ತಯಾರಾಗುವ ಆ ನಗರದಲ್ಲಿ 2016ರ ಏಪ್ರಿಲ್‌ನಲ್ಲಿ ಇಂಥದೇ ಪ್ರಾಧಿಕಾರಕ್ಕೆ ಮತದಾರರು ಒಪ್ಪಿದ್ದರು. ಅಲ್ಲಿ ತೆರಿಗೆಯ ಜೊತೆಗೆ ಕಟ್ಟಡದ ಅಳತೆ ನೋಡಿ ಹಾಕುವ ಶುಲ್ಕವೂ ಇದೆ. ಮನೆ ದೊಡ್ಡದಾದರೆ ಸುಲಿಗೆ ಎಂದು ನಮ್ಮವರಿಗೆ ಭಯ. ಈ ಶುಲ್ಕದ ಲೆಕ್ಕ ನಡೆಯುವುದು ಚದರಡಿಯ ಮೇಲಲ್ಲ, ಅದರ ವರ್ಗಮೂಲದ ಮೇಲೆ: ಉರಿಯುವ ಕಟ್ಟಡಕ್ಕೆ ಬೇಕಾದ ನೀರನ್ನು ಅಂದಾಜಿಸುವ ಹಳೆಯ ಸೂತ್ರ ಅದು. 2,500 ಚದರಡಿಗೆ 50, 10,000ಕ್ಕೆ 100. ಜಾಗ ನಾಲ್ಕು ಪಟ್ಟಾದರೆ ಲೆಕ್ಕ ಎರಡೇ ಪಟ್ಟು. ಎಂಜಿನಿಯರುಗಳೇ ತುಂಬಿದ ಕೂಟದಲ್ಲಿ ಇದನ್ನು ಹೇಳಿದಾಗ ಸಿಕ್ಕ ಗಮನ ನನ್ನ ಬೇರೆ ಯಾವ ಮಾತಿಗೂ ಸಿಗಲಿಲ್ಲ. ಅಂಥ ಶುಲ್ಕವಿದ್ದರೆ ಶೇ. 60ರಷ್ಟು ಮತ ಬೇಕು. ನಮ್ಮ ಮತಪತ್ರದಲ್ಲಿ ಅದಿರಲಿಲ್ಲ, ಸರಳ ಬಹುಮತ ಸಾಕಿತ್ತು.

ಎದೆನೋವಿಗೆ ಅಗ್ನಿಶಾಮಕ ವಾಹನ ಏಕೆ ಬಂತು ಎಂಬುದಕ್ಕೂ ಈ ಓಡಾಟದಲ್ಲೇ ಉತ್ತರ ಸಿಕ್ಕಿತು. ಠಾಣೆಗೆ ಬರುವ ಹತ್ತು ಕರೆಗಳಲ್ಲಿ ಎಂಟಕ್ಕೂ ಹೆಚ್ಚು ಬೆಂಕಿಯವಲ್ಲ, ಕಾಯಿಲೆ ಮತ್ತು ಗಾಯದವು. ಅಗ್ನಿಶಾಮಕ ಸಿಬ್ಬಂದಿಗೇ ಹೃದಯದ ತುರ್ತು ಚಿಕಿತ್ಸೆ ಕಲಿಸಿ ಕರೆಗಳಿಗೆ ಕಳಿಸುವ ಸೇವೆಯನ್ನು ಸಿಯಾಟಲ್‌ನಲ್ಲಿ 1970ರಲ್ಲಿ ಆರಂಭಿಸಿದವರು ಡಾ. ಲಿಯೊನಾರ್ಡ್ ಕಾಬ್ ಮತ್ತು ಅಗ್ನಿಶಾಮಕ ಮುಖ್ಯಸ್ಥ ಗಾರ್ಡನ್ ವಿಕೆರಿ. ಇಷ್ಟೆಲ್ಲ ಮಾಡುವ ಸಂಸ್ಥೆಯ ತೆರಿಗೆ ಆದಾಯ, ಹೊಸ ಕಟ್ಟಡಗಳನ್ನು ಬಿಟ್ಟರೆ, ಜನರ ಒಪ್ಪಿಗೆಯಿಲ್ಲದೆ ವರ್ಷಕ್ಕೆ ಶೇ. 1ಕ್ಕಿಂತ ಹೆಚ್ಚು ಏರುವಂತಿಲ್ಲ. ಪೆಟ್ರೋಲೂ ಸಂಬಳವೂ ಆ ಮಾತು ಕೇಳುವುದಿಲ್ಲ. ಪದೇ ಪದೇ ಮತದಾರರ ಬಾಗಿಲಿಗೆ ಬರುವುದು ಅದಕ್ಕೇ.

ಇಷ್ಟು ದಿನ ವಾದ ಮಾಡಿದ ಮೇಲೆ ಅರಿವಾಯಿತು, ನನ್ನ ನಿಜವಾದ ಎದುರಾಳಿ 'ಬೇಡ' ಎನ್ನುವವರಲ್ಲ, ಜುಲೈ ತಿಂಗಳು. ಅರ್ಧ ಜನ ಬೆಂಗಳೂರಿಗೆ ಹೋಗಿರುತ್ತಾರೆ, ಮತಪತ್ರ ಜಾಹೀರಾತುಗಳ ನಡುವೆ ಬಿದ್ದಿರುತ್ತದೆ. ಇಲ್ಲಿ ಮತಗಟ್ಟೆಯಿಲ್ಲ, ಎಲ್ಲವೂ ಅಂಚೆಯಲ್ಲೇ. ಆ ವರ್ಷ ಲಕೋಟೆಗೆ ಅಂಚೆಚೀಟಿಯನ್ನೂ ನಾವೇ ಹಚ್ಚಬೇಕಿತ್ತು, 49 ಸೆಂಟ್. ಈಗ ಯಾರ ಮನೆಯಲ್ಲಿ ಅಂಚೆಚೀಟಿ ಇರುತ್ತದೆ? ಕೊನೆಯ ವಾರ ನಾನು ಪ್ರಚಾರ ನಿಲ್ಲಿಸಿ, 'ಹೌದೋ ಬೇಡವೋ, ಹಾಕಿ' ಎಂದು ಫೋನು ಮಾಡುತ್ತಾ, ಚೀಟಿ ಬೇಡದ ಮತಪೆಟ್ಟಿಗೆ ಎಲ್ಲಿದೆ ಎಂದು ದಾರಿ ಹೇಳುತ್ತಾ ಕುಳಿತೆ.

ಪ್ರಸ್ತಾವ ಗೆದ್ದಿತು. ಅಕ್ಟೋಬರ್ 1ರಂದು ಹೊಸ ಪ್ರಾಧಿಕಾರ ಕೆಲಸ ಆರಂಭಿಸಿತು. ಪಕ್ಕದ ಎಡ್ಮಂಡ್ಸ್ ನಗರ 2025ರ ಏಪ್ರಿಲ್‌ನ ಮತದಾನದಲ್ಲಿ ಅದಕ್ಕೆ ಸೇರಲು ಒಪ್ಪಿತು. ಎಲ್ಲ ಕಡೆಯೂ ಹೀಗೇ ಆಗುತ್ತದೆ ಎಂದೇನಿಲ್ಲ. 2023ರ ಏಪ್ರಿಲ್‌ನಲ್ಲಿ ರಾಜ್ಯದ ರಾಜಧಾನಿ ಒಲಿಂಪಿಯಾ ಮತ್ತು ಪಕ್ಕದ ಟಮ್‌ವಾಟರ್‌ನ ಮತದಾರರು ಇಂಥದೇ ಪ್ರಸ್ತಾವವನ್ನು ತಳ್ಳಿಹಾಕಿದರು. ನಮ್ಮ ಲೆಕ್ಕಪರಿಶೋಧಕರು ಆ ಸುದ್ದಿಯನ್ನು ನನಗೆ ಮರೆಯದೆ ಕಳಿಸಿದರು.

ಮತದಾನ ಮುಗಿದ ಕೆಲವು ದಿನಗಳಿಗೆ ತುಮಕೂರಿನ ಅಜ್ಜಿ ಗಾಬರಿಯಿಂದ ಕರೆ ಮಾಡಿದರು. ಕೌಂಟಿಯಿಂದ ಪತ್ರ ಬಂದಿತ್ತು: ಲಕೋಟೆಯ ಮೇಲಿನ ಸಹಿ ದಾಖಲೆಯ ಸಹಿಗೆ ಹೊಂದುತ್ತಿಲ್ಲ. ದಾಖಲೆಯಲ್ಲಿದ್ದದ್ದು ಮಗ ಹೇಳಿಕೊಟ್ಟ ಇಂಗ್ಲಿಷ್ ಸಹಿ. ಅಜ್ಜಿ ಲಕೋಟೆಗೆ ಹಾಕಿದ್ದು ಐವತ್ತು ವರ್ಷದಿಂದ ಕೈಗೆ ಬಂದ ಕನ್ನಡದ ಸಹಿ, ಕೆಳಗೆ ಎರಡು ಗೆರೆ, ಎರಡು ಚುಕ್ಕಿ. ಪತ್ರದ ಜೊತೆಗೆ ಸಹಿ ಬದಲಿಸುವ ನಮೂನೆಯೂ ಇತ್ತು. ಸಂಜೆ ಹೋದೆ. "ಇಂಗ್ಲಿಷಿನಲ್ಲಿ ಹಾಕಲೇ?" ಎಂದು ಕೇಳಿದರು. ಲಕೋಟೆಯಲ್ಲಿ ಇರುವಂತೆಯೇ ಹಾಕಿ ಎಂದೆ. ಕನ್ನಡಕ ಒರೆಸಿಕೊಂಡು, ಮೇಜಿನ ಮೇಲಿದ್ದ ತೆರಿಗೆಯ ಹಾಳೆಯನ್ನು ಅಡಿಗಿಟ್ಟುಕೊಂಡು, ನಿಧಾನವಾಗಿ ಸಹಿ ಹಾಕಿದರು. ಚುಕ್ಕಿ ಎರಡನ್ನೂ ಇಟ್ಟಿದ್ದೇನೆಯೇ ನೋಡು ಎಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು.