ಗೋಡೆ ಕ್ಯಾಲೆಂಡರಿನಲ್ಲಿ ಐಎನ್‌ಆರ್ ಹಿಡಿದದ್ದು: ನನ್ನ ಅನುಭವ

ರಕ್ತ ಹೆಪ್ಪುಗಟ್ಟದಿರಲಿ ಅಂತ ಅಸಿಟ್ರಾಮ್ ಮಾತ್ರೆ ತಗೊಳ್ಳುವವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನೋ ಅಳತೆ; ಜಾಸ್ತಿಯಾದರೆ ರಕ್ತಸ್ರಾವದ ಭಯ, ಕಮ್ಮಿಯಾದರೆ ಹೆಪ್ಪುಗಟ್ಟುವ ಭಯ) ನಮ್ಮ ಚಿಕ್ಕಮಗಳೂರಿನ ಕಡೆ ಒಂದು ಕಡೆ ನಿಲ್ಲೋದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಹೃದಯದ ವಾಲ್ವ್ ಆಪರೇಷನ್ ಬೆಂಗಳೂರಲ್ಲೋ ಮಂಗಳೂರಲ್ಲೋ ಆಗಿರುತ್ತದೆ. ರೋಗಿ ಕಳಸದಲ್ಲೋ, ಬಾಳೆಹೊನ್ನೂರಿನ ಕಡೆಯ ಯಾವುದೋ ಎಸ್ಟೇಟ್ ಲೈನ್ ಮನೆಯಲ್ಲೋ ಇರುತ್ತಾರೆ. ಡೋಸ್ ಲೆಕ್ಕ ಬರೆದುಕೊಟ್ಟು ಐಎನ್‌ಆರ್ ಹಿಡಿತಕ್ಕೆ ತರ್ತೀನಿ ಅಂದಾಗ "ನಿಮ್ಮ ಲೆಕ್ಕ ಇಲ್ಲಿ ನಡೆಯಲ್ಲಮ್ಮ" ಅಂತ ನಮ್ಮ ಹಿರಿಯ ಡಾಕ್ಟರೇ ಹೇಳಿದ್ದರು. ಮೂರು ವರ್ಷ ಆಯ್ತು. ನಡೆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋಯಿತು. ನಾಲ್ಕು ಬಣ್ಣದ ಡೋಸ್ ಪುಸ್ತಕ, 200 ಪ್ರತಿ, ಸುಮಾರು 9,000 ರೂಪಾಯಿ. ಅರ್ಧ ನನ್ನ ಕೈಯಿಂದ. ಜನ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟರು. ಆರು ತಿಂಗಳಾದ ಮೇಲೆ ತರಿಸಿ ನೋಡಿದರೆ ಹತ್ತರಲ್ಲಿ ಎಂಟು ಖಾಲಿ. ಆಮೇಲೆ ವಾಟ್ಸಾಪ್ ಗ್ರೂಪ್ ಮಾಡಿದೆ. ಒಬ್ಬರಿಗೆ ಕಳಿಸಿದ ಡೋಸನ್ನು ಅದೇ ಹೆಸರಿನ ಇನ್ನೊಬ್ಬರು ನಾಲ್ಕು ದಿನ ನುಂಗಿದರು. ಪುಣ್ಯಕ್ಕೆ ಏನೂ ಆಗಲಿಲ್ಲ. ಅವತ್ತೇ ಗ್ರೂಪ್ ಮುಚ್ಚಿದೆ.

ದಾರಿ ತೋರಿಸಿದ್ದು ಕಳಸದ ಕಡೆಯ ಒಬ್ಬ ಅಜ್ಜಿ. ಚೀಲದಿಂದ ಸುರುಳಿ ಸುತ್ತಿದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಹರವಿದರು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಅದರ ಪಕ್ಕದಲ್ಲೇ ಮಾತ್ರೆ ತಗೊಂಡ ದಿನಕ್ಕೊಂದು ಗೀಟು. "ಇದ್ರಲ್ಲೇ ಬರ್ದು ಕೊಡಿ ಮೇಡಂ, ದಿನಾ ನೋಡ್ತೀನಲ್ಲ" ಅಂದರು. ಅಲ್ಲಿಂದ ಎಲ್ಲರಿಗೂ ಕ್ಯಾಲೆಂಡರ್ ತರೋಕೆ ಹೇಳಿದೆ. ಕೆಂಪು ಪೆನ್ನಿನಲ್ಲಿ ಪ್ರತಿ ತಾರೀಖಿಗೂ ಎಷ್ಟು ಮಾತ್ರೆ ಅಂತ ಬರೆಯುತ್ತೇನೆ. ಎಲ್ಲರಿಗೂ 1 ಮಿ.ಗ್ರಾಂ. ಮಾತ್ರೆ ಒಂದೇ. ಅರ್ಧ ಮುರಿಯೋದಿಲ್ಲ, ಎರಡು ಬಗೆಯ ಸ್ಟ್ರಿಪ್ ಇಲ್ಲ. ವಾರಕ್ಕೆ 16 ಬೇಕಾದರೆ ಸೋಮವಾರ, ಗುರುವಾರ 3, ಉಳಿದ ದಿನ 2. ನಾನು ನೋಡೋದು ವಾರದ ಮೊತ್ತ ಮಾತ್ರ. ಒಂದು ರಿಪೋರ್ಟ್ 0.2 ಆಚೀಚೆ ಆಯಿತು ಅಂತ ಡೋಸ್ ಮುಟ್ಟೋದಿಲ್ಲ.

ಎಷ್ಟು ಶೇಕಡಾ ಏರಿಸುತ್ತೇವೆ, ಇಳಿಸುತ್ತೇವೆ ಅನ್ನುವ ಪಟ್ಟಿ ಇಲ್ಲಿ ಹಾಕುವುದಿಲ್ಲ. ಅದು ನಮ್ಮ ಕಾರ್ಡಿಯಾಲಜಿಸ್ಟ್ ಜೊತೆ ಕೂತು ಮಾಡಿದ್ದು, ಪ್ರತಿ ಬದಲಾವಣೆಗೂ ಅವರ ಸಹಿ ಬೀಳುತ್ತದೆ. ಟೆಸ್ಟಿನ ದಿನ ರಜೆ ಕೊಡೋಕೆ ಎಸ್ಟೇಟ್ ರೈಟರ್‌ಗಳನ್ನು (ಕೆಲಸದವರ ಹಾಜರಿ, ಲೆಕ್ಕ ನೋಡುವವರು) ಹೇಗೆ ಒಪ್ಪಿಸಿದೆ ಅನ್ನೋದೂ ನನ್ನ ಹತ್ತಿರವೇ ಇರಲಿ.

ಕ್ಯಾಲೆಂಡರ್ ಬಂದ ಮೇಲೂ ಕೆಲವರ ಐಎನ್‌ಆರ್ ಕುಣಿಯುತ್ತಲೇ ಇತ್ತು. ಮೂರು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ಲ್ಯಾಬಿನಲ್ಲಿ ನಿಂತು ನೋಡಿದೆ. ಹೊರಗಿನ ಒಂದು ಕಲೆಕ್ಷನ್ ಸೆಂಟರಿನಿಂದ ಬರುವ ನೀಲಿ ಮುಚ್ಚಳದ ಟ್ಯೂಬುಗಳು ಅರ್ಧವೇ ತುಂಬಿರುತ್ತಿದ್ದವು. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ 0.3 ಮಿ.ಲೀ. ಇರುತ್ತದೆ, 2.7 ರಕ್ತ ಬೀಳಲೇಬೇಕು. ಕಮ್ಮಿ ಬಿದ್ದರೆ ಐಎನ್‌ಆರ್ ಸುಮ್ನೆ ಜಾಸ್ತಿ ತೋರಿಸುತ್ತದೆ. ಒಬ್ಬರೇ ರೋಗಿಯಿಂದ ಒಂದೇ ಹೊತ್ತಿನಲ್ಲಿ ಎರಡು ಟ್ಯೂಬ್ ತೆಗೆಸಿದೆ. ಅರ್ಧದ್ದು 3.6ರ ಆಸುಪಾಸು, ತುಂಬಿದ್ದು 2.9. ಆ ಸುಳ್ಳು ನಂಬರ್ ನೋಡಿ ನಾವು ಎಷ್ಟು ಜನರ ಡೋಸ್ ಇಳಿಸಿದ್ದೆವೋ! ಈಗ ಗೆರೆ ಮುಟ್ಟದ ಟ್ಯೂಬ್ ವಾಪಸ್.

ಇನ್ನು ಸೊಪ್ಪು. ಅದರಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಕೆಲಸವನ್ನು ಕಮ್ಮಿ ಮಾಡುತ್ತದೆ. "ಸೊಪ್ಪು ಪೂರ್ತಿ ಬಿಡಿ" ಅನ್ನೋ ಸಲಹೆಯೇ ನಮ್ಮಲ್ಲಿ ಕೆಲಸ ಕೆಡಿಸುತ್ತಿತ್ತು. ಬಿಡುತ್ತಾರೆ, ಐಎನ್‌ಆರ್ ಏರುತ್ತದೆ, ನಾವು ಡೋಸ್ ಇಳಿಸುತ್ತೇವೆ. ಅಷ್ಟರಲ್ಲಿ ಮಳೆಗಾಲ ಬಂದು ಕೆಸುವಿನ ಎಲೆ ಚಿಗುರುತ್ತದೆ. ಮನೆಯಲ್ಲಿ ಪತ್ರೊಡೆ ಮಾಡಿದರೆ ಯಾರು ಬಿಡುತ್ತಾರೆ ಹೇಳಿ? ಐಎನ್‌ಆರ್ ಕುಸಿಯುತ್ತದೆ. ಲೋಹದ ವಾಲ್ವ್ ಇರುವವರಿಗೆ ಅದು ರಕ್ತಸ್ರಾವಕ್ಕಿಂತ ಕಮ್ಮಿ ಅಪಾಯವೇನಲ್ಲ. ಈಗ "ವಾರಕ್ಕೆ ಎರಡು ಸಲ ತಿನ್ನೋರು ಎರಡೇ ಸಲ ತಿನ್ನಿ, ತಿಂದ ದಿನ ಹಸಿರು ಚುಕ್ಕಿ ಇಡಿ" ಅಂತೀನಿ. ಒಂದು ಮಳೆಗಾಲ ಪೂರ್ತಿ ಚುಕ್ಕಿ ಎಣಿಸಿ ಐಎನ್‌ಆರ್ ಜೊತೆ ಹೋಲಿಸಿದೆ. ಚುಕ್ಕಿಗಳು ಸಮನಾಗಿ ಹರಡಿದ್ದವರ ಐಎನ್‌ಆರ್ ಹೆಚ್ಚು ಏರಿಳಿಯಲಿಲ್ಲ.

ಒಂದೇ ಒಂದು ಸಲ ತುಂಬಾ ಹೆದರಿದ್ದೆ. ಭೇದಿ ಅಂತ ಒಬ್ಬರು ಅಂಗಡಿಯಿಂದ ಮೆಟ್ರೊನಿಡಜೋಲ್ ಅನ್ನೋ ಆಂಟಿಬಯಾಟಿಕ್ ತಗೊಂಡು ಐದು ದಿನ ನುಂಗಿದ್ದರು. ಅದು ಅಸಿಟ್ರಾಮ್‌ನ ಪರಿಣಾಮ ಏರಿಸುತ್ತದೆ. ಒಸಡಿನಲ್ಲಿ ರಕ್ತ, ಐಎನ್‌ಆರ್ 6ರ ಮೇಲೆ. ಅಡ್ಮಿಟ್ ಆಗಿ ಚೇತರಿಸಿಕೊಂಡರು. ಅಂದಿನಿಂದ ಪ್ರತಿ ಕ್ಯಾಲೆಂಡರಿನ ತಲೆಯ ಮೇಲೆ "ಬೇರೆ ಯಾವ ಮಾತ್ರೆ ಕೊಟ್ಟರೂ ಮೊದಲು ಫೋನ್ ಮಾಡಿ" ಅಂತ ನಂಬರ್ ಬರೆಯುತ್ತೇನೆ.

ಐಎನ್‌ಆರ್ ಟೆಸ್ಟ್ ಬೇಡದ ಹೊಸ ಮಾತ್ರೆಗೆ ಬದಲಿಸಬಹುದಲ್ಲ ಅಂತ ಕೇಳೋರಿದ್ದಾರೆ. ಲೋಹದ ವಾಲ್ವಿಗೆ ಅವು ಆಗುವುದಿಲ್ಲ. ರುಮ್ಯಾಟಿಕ್ ಹೃದ್ರೋಗದ (ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕೆಡುವುದು) ಜೊತೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯ ಲಯ ತಪ್ಪಿ ಬಡಿಯುವುದು) ಇದ್ದವರಲ್ಲೂ 2022ರ ಇನ್ವಿಕ್ಟಸ್ ಅಧ್ಯಯನದಲ್ಲಿ ರಿವರೊಕ್ಸಬಾನ್ ಅನ್ನೋ ಹೊಸ ಮಾತ್ರೆಗಿಂತ ಹಳೆಯ ಬಗೆಯ ಮಾತ್ರೆಯೇ ಮೇಲಾಯಿತು. ನಮ್ಮಲ್ಲಿ ಜಾಸ್ತಿ ಬರೋದು ಈ ಎರಡು ಬಗೆಯವರೇ.

ಈಗ ಸುಮಾರು 40 ಜನ ಇದ್ದಾರೆ. ರೋಸೆಂಡಾಲ್ ಲೆಕ್ಕದಲ್ಲಿ ಟಿಟಿಆರ್ (ಐಎನ್‌ಆರ್ ಬೇಕಾದ ಮಿತಿಯೊಳಗೆ ಇದ್ದ ದಿನಗಳ ಪಾಲು) ಮೊದಲು ನೂರಕ್ಕೆ 40ರ ಹತ್ತಿರ ಇತ್ತು, ಈಗ 65 ದಾಟಿದೆ. ಟೆಸ್ಟಿಗೆ 300, ಬಸ್ಸು, ಒಂದು ದಿನದ ಕೂಲಿ ಸೇರಿ ಒಂದು ಸಲ ಬಂದು ಹೋಗೋಕೆ ಸಾವಿರದ ಹತ್ತಿರ ಆಗುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಈಗ ತಿಂಗಳಿಗೊಮ್ಮೆ ಬರುತ್ತಾರೆ. ಕಳಸದ ಅಜ್ಜಿ ಹಳೆಯ ಎರಡು ವರ್ಷದ ಕ್ಯಾಲೆಂಡರನ್ನೂ ಎಸೆದಿಲ್ಲ. ಹೋದ ತಿಂಗಳು ಮೂರನ್ನೂ ಒಟ್ಟಿಗೆ ಸುತ್ತಿ ತಂದು ನಮ್ಮ ಹಿರಿಯ ಡಾಕ್ಟರ ಮೇಜಿನ ಮೇಲೆ ಹರವಿದರು.