ನಾನು ಗ್ರಾಹಕಳೋ ವ್ಯಾಪಾರಸ್ಥಳೋ: ಒಂದು ರೊಟ್ಟಿ ಮಷೀನಿನ ಕೇಸು

ನಾನು ಗದಗ ಜಿಲ್ಲೆಯವಳು. ಹನ್ನೊಂದು ವರ್ಷದಿಂದ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತೇನೆ. ಕೈಯಲ್ಲಿ ದಿನಕ್ಕೆ ಇನ್ನೂರು ರೊಟ್ಟಿ ದಾಟಿತೆಂದರೆ ಸಂಜೆಗೆ ರಟ್ಟೆ ಮೇಲೇಳುವುದಿಲ್ಲ. 2021ರ ಶ್ರಾವಣದಲ್ಲಿ ಮುದ್ರಾ ಸಾಲ ತೆಗೆದು 1,86,000 ರೂಪಾಯಿಯ ರೊಟ್ಟಿ ಮಷೀನು ತಂದೆ. ಡೀಲರ್ ಅಂಗಡಿಯಲ್ಲಿ ಮಷೀನು ಓಡಿಸಿ ತೋರಿಸಿದ್ದರು. "ತಾಸಿಗೆ ಐನೂರು ಬರ್ತಾವ್ರಿ ಅಕ್ಕಾರ, ಚಿಂತಿ ಬ್ಯಾಡ" ಅಂದರು. ಅವತ್ತು ಹಿಟ್ಟು ಅವರೇ ಮೊದಲೇ ನಾದಿ ಇಟ್ಟಿದ್ದರು. ನಾನು ಮುಟ್ಟಿ ನೋಡಲಿಲ್ಲ. ಇಷ್ಟು ವರ್ಷ ಹಿಟ್ಟು ನಾದಿದ ಕೈ, ಅವತ್ತೊಂದು ದಿನ ಸುಮ್ಮನಿತ್ತು.

ಮನೆಗೆ ತಂದ ಮೂರನೇ ದಿನಕ್ಕೇ ಗೊತ್ತಾಯಿತು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಎಸರು ಹಾಕಿ ಬಿಸಿಯಲ್ಲೇ ನಾದಿದರೆ ಮಾತ್ರ ಅದು ಒಂದಾಗುತ್ತದೆ, ಆಮೇಲೂ ಮೆತ್ತಗೆ ಬಡಿಯಬೇಕು. ಈ ಮಷೀನಿನ ರೋಲರು ಅದನ್ನು ಎಳೆದು ಹರಿಯುತ್ತಿತ್ತು. ಹರಿಯದೆ ಪಾರಾದ ರೊಟ್ಟಿ ಒಂದು ಮಗ್ಗುಲು ಸೀದು ಇನ್ನೊಂದು ಮಗ್ಗುಲು ಹಸಿ. ಗೋಧಿ ಹಿಟ್ಟು ಬೆರೆಸಿದರೆ ಚೆಂದ ಬರುತ್ತಿತ್ತು. ಆದರೆ ಗೋಧಿ ಬೆರೆಸಿದ್ದನ್ನು ಜೋಳದ ರೊಟ್ಟಿ ಅಂತ ಮಾರಿದರೆ ಖಾನಾವಳಿಯವರು ಮರುದಿನ ಬಾಗಿಲಿಗೆ ಬರುತ್ತಾರೆ.

ಮುಂದಿನ ಏಳೆಂಟು ತಿಂಗಳು ಫೋನಿನಲ್ಲೇ ಕಳೆದವು. "ನಾಳೆ ಹುಡುಗನ್ನ ಕಳಸ್ತೀನ್ರಿ." ಹುಡುಗ ಎರಡು ಸಲ ಬಂದ, ಸ್ಪ್ರಿಂಗ್ ಬಿಗಿ ಮಾಡಿದ, ಹೋದ. ವಾರಂಟಿ ಒಂದು ವರ್ಷದ್ದು. ಅದು ಮುಗಿಯುವವರೆಗೆ ನಾಳೆ ನಾಳೆ ಅನ್ನುವುದೇ ಅವರ ಲೆಕ್ಕ ಅಂತ ನನಗೆ ಹೊಳೆದದ್ದು ತಡವಾಗಿ. ಫೋನಿನಲ್ಲಿ ಆಡಿದ ಮಾತು ಮುಂದೆ ಒಂದೂ ಕೆಲಸಕ್ಕೆ ಬರಲಿಲ್ಲ. ಬಂದದ್ದು ವಾಟ್ಸಾಪಿನಲ್ಲಿ ಕಳಿಸಿದ ಮೆಸೇಜು, ವಿಡಿಯೋ ಮಾತ್ರ. ಅದೂ ಸಿಟ್ಟಿಗೆ ಕಳಿಸಿದ್ದು, ಸಾಕ್ಷಿಗೆ ಅಂತ ಅಲ್ಲ.

1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. ಕಂಪನಿಯಿಂದ ಬಂದ ಉತ್ತರ ಒಂದೇ ಸಾಲು: ಬಳಸುವವರ ತಪ್ಪು. ಆ ಸಾಲು ಓದಿದ ದಿನವೇ ಕೇಸು ಹಾಕುವುದೆಂದು ತೀರ್ಮಾನಿಸಿದೆ. ನಮ್ಮ ಭಾವನವರು ಬೇಡ ಅಂದರು. "ಕೋರ್ಟು ಹತ್ತಬ್ಯಾಡವಾ. ಗೆದ್ದಾಂವ ಸೋತ, ಸೋತಾಂವ ಸತ್ತ." ನಮ್ಮ ಹೊಲದ ಹಿಸ್ಸೆಯ ಕೇಸು ಅವರ ಅಪ್ಪನ ಕಾಲದಿಂದ ನಡೆದದ್ದು, ಅವರ ಭಯಕ್ಕೆ ಅರ್ಥ ಇತ್ತು. ಆದರೆ ಗ್ರಾಹಕ ಆಯೋಗ ಸಿವಿಲ್ ಕೋರ್ಟಿನ ಹಾಗಲ್ಲ. ನಾವೇ ನಿಂತು ನಮ್ಮ ಕೇಸು ಹೇಳಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ಜಿಲ್ಲಾ ಆಯೋಗಕ್ಕೆ 50 ಲಕ್ಷದವರೆಗಿನ ಅಧಿಕಾರ ಇದೆ. ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿದ್ದ ನಮ್ಮ ಓಣಿಯ ಹುಡುಗಿ ಇಷ್ಟನ್ನು ಹೇಳಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಿಂಟು ಕೊಟ್ಟು ಹೋದಳು. ರಾತ್ರಿ ಹಿಟ್ಟು ಜರಡಿ ಹಿಡಿದ ಮೇಲೆ ಅದನ್ನೇ ಓದುತ್ತಿದ್ದೆ.

ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ, ವ್ಯಾಜ್ಯ ಏನಿದ್ದರೂ ಕಂಪನಿ ಇರುವ ಊರಿನ ನ್ಯಾಯಾಲಯದಲ್ಲೇ ಅಂತ ಅಚ್ಚಾಗಿತ್ತು. ಕಂಪನಿ ಹೊರ ರಾಜ್ಯದ್ದು. ಇದನ್ನು ನೋಡಿಯೇ ಎಷ್ಟೋ ಜನ ಕೈಬಿಡುತ್ತಾರೆ, ನಾನೂ ಒಂದು ವಾರ ಹಾಗೇ ಕೂತಿದ್ದೆ. ಹೊಸ ಕಾಯ್ದೆಯ 34ನೇ ಕಲಮಿನಲ್ಲಿ ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು ಅಂತ ಸ್ಪಷ್ಟವಾಗಿದೆ. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗೆ ಕೊಡಬೇಕು, ಅಷ್ಟೇ.

ಜೂನ್ 2022ರಲ್ಲಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿದೆ. ಕಾಯ್ದೆ ಅದನ್ನು ಕಡ್ಡಾಯ ಮಾಡಿಲ್ಲ, ಆದರೂ ಕಳಿಸಿದ್ದು ಒಳ್ಳೆಯದಾಯಿತು: ಅದಕ್ಕೆ ಉತ್ತರ ಬರಲಿಲ್ಲ ಅನ್ನುವುದೇ ಮುಂದೆ ನನ್ನ ಪರ ಒಂದು ಮಾತಾಯಿತು. ಸೆಪ್ಟೆಂಬರಿನಲ್ಲಿ ದೂರು ಕೊಟ್ಟೆ. ಕನ್ನಡದಲ್ಲೇ ಬರೆದೆ. ಐದು ಪುಟ, ತಾರೀಖಿನ ಸಾಲಿನಲ್ಲಿ ಏನೇನಾಯಿತೋ ಅದು, ಕೊನೆಗೆ ನನಗೇನು ಬೇಕೋ ಅದು, ಜೊತೆಗೆ ನೋಟರಿ ಮುಂದೆ ಮಾಡಿದ ಅಫಿಡವಿಟ್ಟು. ಈಗ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ನಾನು ಜೆರಾಕ್ಸ್ ಕಟ್ಟು ಹೊತ್ತುಕೊಂಡು ಹೋದವಳು.

ಮೊದಲ ತಪ್ಪು ಅಲ್ಲೇ ಮಾಡಿದೆ. ಡೀಲರನ್ನು ಮಾತ್ರ ಎದುರು ಪಕ್ಷ ಮಾಡಿದ್ದೆ, ಹಣ ಕೊಟ್ಟದ್ದು ಅವನಿಗಲ್ಲವೇ ಅಂತ. ಅವನ ಉತ್ತರ ಬಂತು: ಮಷೀನು ತಯಾರಿಸಿದ್ದು ನಾನಲ್ಲ, ದೋಷ ಇದ್ದರೆ ತಯಾರಕರನ್ನು ಕೇಳಿ. ಆಮೇಲೆ ಅರ್ಜಿ ಹಾಕಿ ಕಂಪನಿಯನ್ನೂ ಎರಡನೇ ಎದುರು ಪಕ್ಷವಾಗಿ ಸೇರಿಸುವ ಹೊತ್ತಿಗೆ ನಾಲ್ಕು ತಿಂಗಳು ಹೋಯಿತು. ಮಾರಿದವನು, ತಯಾರಿಸಿದವನು ಇಬ್ಬರನ್ನೂ ಮೊದಲ ದಿನವೇ ಸೇರಿಸಬೇಕಿತ್ತು. ಕಂಪನಿಯವರೂ ಒಂದು ತಪ್ಪು ಮಾಡಿದರು. ನೋಟಿಸು ಮುಟ್ಟಿದ 30 ದಿನದೊಳಗೆ ಅವರು ತಕರಾರು ಸಲ್ಲಿಸಬೇಕು, ಆಯೋಗ ಬೇಕಾದರೆ ಇನ್ನು 15 ದಿನ ಕೊಡಬಹುದು, ಅದರಾಚೆ ಇಲ್ಲ. 2020ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ ಮಾತಿದು. ಅವರ ತಕರಾರು ಬಂದದ್ದು 52ನೇ ದಿನ. ಆಯೋಗ ತೆಗೆದುಕೊಳ್ಳಲಿಲ್ಲ.

ನನ್ನ ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ರಿಪೇರಿಗೆ ಬಂದ ಹುಡುಗ ಹೋಗುವಾಗ ಒಂದು ಚೀಟಿಗೆ ಸಹಿ ಮಾಡಿಸಿಕೊಂಡಿದ್ದ. ಇಂಗ್ಲಿಷಿನಲ್ಲಿತ್ತು. "ಬಂದು ಹೋಗಿದ್ದಕ್ಕ ರೀ, ನನಗ ಪಗಾರ ಸಿಗಬೇಕಲ್ಲ" ಅಂದಿದ್ದ. ಪಾಪ ಅನ್ನಿಸಿ ಸಹಿ ಹಾಕಿದೆ. ಅದೇ ಚೀಟಿ ಡೀಲರನ ಕಾಗದಗಳ ಜೊತೆ ಬಂತು. ಮಷೀನು ಸರಿಯಾಗಿ ನಡೆಯುತ್ತಿದೆ, ಗ್ರಾಹಕರಿಗೆ ತೃಪ್ತಿಯಾಗಿದೆ ಅಂತ ಅದರಲ್ಲಿತ್ತು, ಕೆಳಗೆ ನನ್ನದೇ ಸಹಿ. ಎರಡು ದಿನ ಊಟ ಸೇರಲಿಲ್ಲ. ಫೋನು ತಡಕಾಡಿದಾಗ ಅದೇ ದಿನ ಸಂಜೆ 6.40ಕ್ಕೆ ಡೀಲರಿಗೆ ಕಳಿಸಿದ ವಿಡಿಯೋ ಸಿಕ್ಕಿತು. ಹರಿದ ರೊಟ್ಟಿಗಳ ರಾಶಿ, ಹಿಂದೆ ನನ್ನ ಬೈಗುಳ. ಹುಡುಗ ಹೋಗಿ ಎರಡು ತಾಸೂ ಆಗಿರಲಿಲ್ಲ. ಎರಡು ನೀಲಿ ಟಿಕ್ ಬಿದ್ದಿದ್ದವು, ಕೆಳಗೆ ಅವನ ಉತ್ತರ: "ನೋಡ್ತೀನ್ರಿ." ತೃಪ್ತಿಯಾದ ಗ್ರಾಹಕಳು ಎರಡು ತಾಸಿನೊಳಗೆ ಇಂಥ ವಿಡಿಯೋ ಯಾಕೆ ಕಳಿಸುತ್ತಾಳೆ ಅಂತ ಆಯೋಗದ ಮುಂದೆ ಕೇಳಿದೆ. ಬೈಗುಳ ಕೇಳಿಸಿದಾಗ ಸದಸ್ಯರೊಬ್ಬರು ತಲೆ ತಗ್ಗಿಸಿ ನಕ್ಕಂತಾಯಿತು.

ಆ ವಿಡಿಯೋ ಸುಮ್ಮನೆ ತೋರಿಸಿದರೆ ನಡೆಯುವುದಿಲ್ಲ. ಯಾವ ಫೋನಿನಿಂದ ತೆಗೆದದ್ದು, ಫೋನು ಯಾರದ್ದು, ಅದು ಸುಸ್ಥಿತಿಯಲ್ಲಿತ್ತು ಅಂತ ಒಂದು ಪ್ರಮಾಣಪತ್ರ ಜೊತೆಗಿಡಬೇಕು. ಆಗ ಅದಕ್ಕೆ ಹಳೆಯ ಸಾಕ್ಷ್ಯ ಕಾಯ್ದೆಯ ಕಲಮಿನ ಮೇಲಿಂದ 65ಬಿ ಅನ್ನುತ್ತಿದ್ದರು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾನೂನು ಬಂದಿದೆ, ಅದರಲ್ಲಿ 63ನೇ ಕಲಮು.

ಆದರೆ ಕೇಸು ನಿಂತದ್ದು ಮಷೀನಿನ ಮೇಲಲ್ಲ, ನನ್ನ ಮೇಲೆ. ಡೀಲರನ ವಕೀಲರು ಎದ್ದು ನಿಂತು, ಇವರು ಗ್ರಾಹಕರೇ ಅಲ್ಲ, ರೊಟ್ಟಿ ಮಾರುವ ವ್ಯಾಪಾರಸ್ಥರು ಅಂದರು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯಲ್ಲಿ ಗ್ರಾಹಕರಾಗುವುದಿಲ್ಲ ಅನ್ನುವುದು ನಿಜ. ಬ್ಯಾಂಕಿನವರು ಸಾಲಕ್ಕೆ ಬೇಕೆಂದು ಮಾಡಿಸಿದ್ದ ಉದ್ಯಮ್ ನೋಂದಣಿ ಪತ್ರವನ್ನೇ ಅವರು ಮುಂದಿಟ್ಟರು. ನೋಡಿ, ಸರಕಾರವೇ ಇವರನ್ನು ಉದ್ಯಮ ಅಂದಿದೆ. ಜೊತೆಗೆ ಸುಪ್ರೀಂ ಕೋರ್ಟಿನ 1995ರ ತೀರ್ಪು, ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣ. ಅದರಲ್ಲಿ ಮಷೀನು ಕೊಂಡವರು ಸೋತಿದ್ದಾರೆ, ಗ್ರಾಹಕರಲ್ಲ ಅಂತಲೇ ತೀರ್ಪಾಗಿದೆ.

ಮನೆಗೆ ಬಂದು ಆ ತೀರ್ಪನ್ನು ಹುಡುಗಿಯ ಕೈಯಲ್ಲಿ ಓದಿಸಿದೆ. ವಕೀಲರು ಕೊನೆಯ ಸಾಲನ್ನು ಓದಿದ್ದರು, ನಡುವಿನದನ್ನು ಬಿಟ್ಟಿದ್ದರು. ಅದೇ ತೀರ್ಪಿನಲ್ಲಿ ಉದಾಹರಣೆಗಳಿವೆ. ಹೊಟ್ಟೆಪಾಡಿಗೆ ತಾನೇ ಓಡಿಸಲು ಆಟೋ ಕೊಂಡವನು ಗ್ರಾಹಕನೇ. ತಾನೇ ನಡೆಸಲು ಲೇತ್ ಮಷೀನೋ ಬೇರೆ ಮಷೀನೋ ಕೊಂಡವನೂ ಗ್ರಾಹಕನೇ. ಒಬ್ಬಿಬ್ಬರ ನೆರವು ತೆಗೆದುಕೊಂಡರೂ ಅವನು ಗ್ರಾಹಕನಾಗಿಯೇ ಉಳಿಯುತ್ತಾನೆ. ಈಗಿನ ಕಾಯ್ದೆಯ 2(7)ನೇ ಕಲಮಿನ ವಿವರಣೆಯೂ ಸ್ವಯಂ ಉದ್ಯೋಗದಿಂದ ಜೀವನ ನಡೆಸುವುದಕ್ಕೆಂದೇ ಕೊಂಡಿದ್ದರೆ ಅದು ವಾಣಿಜ್ಯ ಉದ್ದೇಶವಲ್ಲ ಅನ್ನುತ್ತದೆ. ನಾನು ಹೊಸ ತೀರ್ಪು ಹುಡುಕಲೇ ಇಲ್ಲ. ಅವರು ಕೊಟ್ಟ ಪ್ರತಿಯಲ್ಲೇ ಆ ಪ್ಯಾರಾಕ್ಕೆ ಕೆಂಪು ಗೆರೆ ಎಳೆದು ವಾಪಸು ಇಟ್ಟೆ.

ಆದರೆ ಕಾನೂನು ಹೇಳಿದರೆ ಸಾಲದು, ನನ್ನ ಬಾಳು ಅದರೊಳಗೆ ಕೂರುತ್ತದೆಂದು ತೋರಿಸಬೇಕು. ದೂರಿನ ಮೊದಲ ಪುಟದಲ್ಲೇ, ಮನೆಯ ಜೀವನೋಪಾಯಕ್ಕೆ ನಾನೇ ನಡೆಸಲು ಕೊಂಡ ಮಷೀನು ಅಂತ ಬರೆದಿದ್ದೆ. ಆ ಒಂದು ವಾಕ್ಯ ಬಿಟ್ಟು ಸೋತವರಿದ್ದಾರೆ ಅಂತ ಹುಡುಗಿ ಮೊದಲೇ ಎಚ್ಚರಿಸಿದ್ದಳು. ಒಂದೇ ಮಷೀನು, ಕೂಲಿಯವರಿಲ್ಲ, ಮದುವೆ ಸೀಸನ್ನಿಗೆ ನನ್ನ ನೆಗೆಣ್ಣಿ ಕೈಗೂಡುತ್ತಾಳೆ. ಅವಳ ಅಫಿಡವಿಟ್ಟು, ರೇಷನ್ ಕಾರ್ಡು, ಮುನ್ನೂರು ನಾನೂರರ ಜಮೆಗಳಿರುವ ಪಾಸ್‌ಬುಕ್ಕು ಕೊಟ್ಟೆ. ಉದ್ಯಮ್ ಪತ್ರದ ಬಗ್ಗೆ, ಅದನ್ನು ಬ್ಯಾಂಕು ಕೇಳಿತು, ಬಡಿಯುವ ಕೈ ನನ್ನದೇ ಅಂದೆ.

ಇನ್ನುಳಿದದ್ದು ಮಷೀನಿನ ದೋಷ. ಪರಿಣತರ ವರದಿ ಎಲ್ಲಿ ಅಂತ ಅವರು ಕೇಳಿದರು, ಕೇಳಿದ್ದು ಸರಿಯೇ. ಪರೀಕ್ಷೆ ಮಾಡಿಸುವ ಅಧಿಕಾರ ಆಯೋಗಕ್ಕಿದೆ, ಖರ್ಚು ದೂರುದಾರರು ಕಟ್ಟಬೇಕು. ಅರ್ಜಿ ಹಾಕಿದೆ. 2023ರ ಬೇಸಿಗೆಯಲ್ಲಿ ಪಾಲಿಟೆಕ್ನಿಕ್ಕಿನ ಮೆಕ್ಯಾನಿಕಲ್ ಉಪನ್ಯಾಸಕರೊಬ್ಬರು ಮನೆಗೆ ಬಂದರು, ಡೀಲರನೂ ಬಂದ. ನಾನು ಎಲ್ಲರ ಎದುರು ಬಿಳಿಜೋಳದ ಹಿಟ್ಟಿಗೆ ಎಸರು ಹಾಕಿ ನಾದಿದೆ. ಡೀಲರ್ "ಹಿಟ್ಟು ಗಟ್ಟಿ ಆತ್ರಿ" ಅಂದ. "ಹಂಗಾರ ನೀವ ನಾದ್ರಿ" ಅಂದೆ. ನಾದಿದ. ಅವನ ಹಿಟ್ಟೂ ಹರಿಯಿತು. ಉಪನ್ಯಾಸಕರು ಇಪ್ಪತ್ತು ಉಂಡೆ ಹಾಕಿಸಿ, ಹದಿನಾಲ್ಕು ಹರಿದದ್ದನ್ನು ಬರೆದುಕೊಂಡು, ತಗಡಿನ ಬಿಸಿಯನ್ನು ಎರಡು ಕಡೆ ಅಳೆದು ಹೋದರು. ನೆಗೆಣ್ಣಿ ಅವರಿಗೆ ಕೈಯಲ್ಲಿ ಬಡಿದ ರೊಟ್ಟಿ ಕೊಡಲು ಹೋದಳು. ಬೇಡ ಎಂದು ಕೈಮುಗಿದರು, ಆಯೋಗದ ಕೆಲಸಕ್ಕೆ ಬಂದವರು.

ಜನವರಿ 2024ರಲ್ಲಿ ಆದೇಶವಾಯಿತು. ಮಷೀನಿನ ಪೂರ್ತಿ ಹಣ, ಶೇಕಡಾ 8ರ ಬಡ್ಡಿ, ಮಾನಸಿಕ ಹಿಂಸೆಗೆ 15,000, ಖರ್ಚಿಗೆ 5,000. ಇಬ್ಬರೂ ಸೇರಿ 45 ದಿನದಲ್ಲಿ ಕೊಡಬೇಕು, ನಾನು ಮಷೀನು ಒಪ್ಪಿಸಬೇಕು. ದುಡಿಮೆ ಹೋದದ್ದಕ್ಕೆ ಕೇಳಿದ 1,20,000ದಲ್ಲಿ ಒಂದು ಪೈಸೆಯೂ ಸಿಗಲಿಲ್ಲ. ಲೆಕ್ಕದ ಪುಸ್ತಕ ಇಟ್ಟಿರಲಿಲ್ಲ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡಿದ್ದೆ. ಆ ಕ್ಯಾಲೆಂಡರು ಸಂಕ್ರಾಂತಿಗೆ ಒಲೆ ಸೇರಿತ್ತು.

45 ದಿನ ಕಳೆಯಿತು. ಹಣವೂ ಇಲ್ಲ, ಅಪೀಲೂ ಇಲ್ಲ. ಅಪೀಲು ಹೋಗಬೇಕಾದರೆ ಅರ್ಧ ಹಣ ಮೊದಲೇ ಕಟ್ಟಬೇಕು, ಅದಕ್ಕೇ ಹೋಗಲಿಲ್ಲವೇನೋ. ಆದೇಶದ ಪ್ರತಿ ಹಿಡಿದು ಕೂತರೆ ಹಣ ತಾನಾಗಿ ಬರುವುದಿಲ್ಲ, ಮತ್ತೆ ಅಮಲ್ಜಾರಿ ಅರ್ಜಿ, ಅಂದರೆ ಆದೇಶ ಜಾರಿ ಮಾಡಿಸಿ ಅನ್ನುವ ಅರ್ಜಿ, ಹಾಕಬೇಕು. ವಸೂಲಿಗೆ 71ನೇ ಕಲಮು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 25,000 ದಂಡ, ಇಲ್ಲವೇ ಎರಡೂ ಇರುವುದು 72ನೇ ಕಲಮು. ನಾನು ಎರಡನ್ನೂ ಹಾಕಿದೆ. 72ರ ನೋಟಿಸು ಮುಟ್ಟಿದ ವಾರದಲ್ಲಿ ಡೀಲರ್ ತಾನೇ ಫೋನು ಮಾಡಿದ. ಮೂರು ವರ್ಷದಲ್ಲಿ ಅವನಾಗಿಯೇ ಮಾಡಿದ ಮೊದಲ ಫೋನು ಅದು. ಜುಲೈನಲ್ಲಿ ಡಿಡಿ ಕೈಗೆ ಬಂತು.

ಅಂದಿನಿಂದ ಓಣಿಯವರು ಕಾಗದ ಹಿಡಿದುಕೊಂಡು ಬರುತ್ತಾರೆ. ನಾನು ವಕೀಲಳಲ್ಲ ಅಂತ ಹೇಳಿಯೇ ಗೊತ್ತಿದ್ದಷ್ಟು ಹೇಳುತ್ತೇನೆ. ಕಿರಾಣಿಯವರು ಮಾರಲೆಂದು ತಂದ ಎಣ್ಣೆ ಡಬ್ಬಿ ಕೆಟ್ಟಿದ್ದರೆ ಅವರು ಗ್ರಾಹಕರಲ್ಲ, ಸಿವಿಲ್ ದಾವೆಯೇ ದಾರಿ. ಬಾಕಿಗೆ ಕೊಟ್ಟ ಚೆಕ್ ಬೌನ್ಸಾದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸು, ಅದು ಮುಟ್ಟಿದ 15 ದಿನದಲ್ಲಿ ಹಣ ಬರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಕೇಸು. ಒಂದು ದಿನ ತಪ್ಪಿದರೂ ತಡವಾದದ್ದಕ್ಕೆ ಕಾರಣ ಹೇಳಿ ಒಪ್ಪಿಸಬೇಕು. ಲೇಔಟ್ ಮಾಡಿ ರಸ್ತೆ, ಚರಂಡಿ, ನೀರು ಕೊಡುತ್ತೇನೆಂದು ಸೈಟಿಗೆ ಹಣ ಪಡೆದು ಕೈಯೆತ್ತಿದವನ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಬಹುದು, ಅದು ಸೇವೆಯೇ ಅಂತ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಅಣ್ಣತಮ್ಮಂದಿರ ಬದುವಿನ ಜಗಳ, ಪಹಣಿಯಲ್ಲಿ ಹೆಸರಿನ ತಕರಾರು ಅಲ್ಲಿಗೆ ಬರುವುದಿಲ್ಲ. ಭಾವನವರಿಗೆ ಇದನ್ನು ಮೂರು ಸಲ ಹೇಳಿದ್ದೇನೆ.

ಡೀಲರನ ಟೆಂಪೊ ಬಂದ ದಿನ ಹುಡುಗರು ಮಷೀನಿಗೆ ಹಗ್ಗ ಕಟ್ಟಲು ಶುರು ಮಾಡಿದರು. ತಡೀರಿ ಅಂದೆ. ಸೀರಿಯಲ್ ನಂಬರು ಹಾಕಿ, ಪಡೆದುಕೊಂಡಿದ್ದೇವೆ ಅಂತ ಕನ್ನಡದಲ್ಲಿ ಬರೆಸಿ, ಓದಿಸಿ, ಸಹಿ ಮಾಡಿಸಿಕೊಂಡೆ. ಸಹಿ ಹಾಕಿದವನು ಅದೇ ರಿಪೇರಿ ಹುಡುಗ. "ಏನ್ ಬರೀಲಿ ರೀ, ಸರಿ ಐತಿ ಅಂತ ಬರೀಲೋ, ಕೆಟ್ಟೈತಿ ಅಂತಲೋ?" ಅಂತ ಕೇಳಿದ. "ಒಯ್ದೀವಿ ಅಂತ ಬರಿ, ಸಾಕು" ಅಂದೆ.